ಕುದುರೆ ಹಾಯುವಷ್ಟು ಎತ್ತರದ ಕಮಾನು

ಬೈಲಹೊಂಗಲದ ನನ್ನ ವೆಲ್ಡಿಂಗ್ ಅಂಗಡಿಯನ್ನು ಈಗ ನನ್ನ ತಂಗಿಯ ಮಗ ನಡೆಸುತ್ತಾನೆ. ಗೇಟು, ಗ್ರಿಲ್ಲು, ಕಂಪೌಂಡಿನ ಬೇಲಿ ಎಲ್ಲ ಅವನದೇ ಉಸ್ತುವಾರಿ. ನಾನು ಕಣ್ಣು ಕೈಕೊಟ್ಟ ಮೇಲೆ ಕೆಲಸ ಬಿಟ್ಟವ. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಕೆಲಸ ಕಲಿಯಲು ಬಂದ ಹುಡುಗರನ್ನು ಬೈಯುವುದೇ ಈಗ ನನ್ನ ಉದ್ಯೋಗ. ಬೈದದ್ದು ಅವರ ಈ ಕಿವಿಯಿಂದ ಹೊಕ್ಕು ಆ ಕಿವಿಯಿಂದ ಹೊರಗೆ ಹೋಗುತ್ತದೆ. ಬರೆದಿಟ್ಟರೆ ಯಾವನಾದರೂ ಒಬ್ಬ ಓದಿಯಾನು ಎಂದು ಇದನ್ನು ಬರೆಯಲು ಕುಳಿತಿದ್ದೇನೆ.

ಮೊನ್ನೆ ಒಬ್ಬ ಹುಡುಗ ಗಾಡಿಯಿಂದ ಇಳಿದವನೇ, "ಅಳತಿ ತಗೊಂಡ ಬಂದೆ ಮಾಮಾ" ಎಂದ. 

"ಯಾರನ್ನ ಕೇಳಿ ತಗೊಂಡಿ?" ಎಂದೆ. 

"ಮಾಲಕರನ್ನ." 

"ಎದುರಿನ ಮನಿಯವರನ್ನ ಕೇಳಿದೇನ? ಇಬ್ಬರೂ ಹಾಯೋ ದಾರಿ ಅಲ್ಲೇನ ಅದು?" 

"ಅವರನ್ಯಾಕ ಕೇಳಬೇಕ್ರಿ? ಗೇಟ್ ಮಾಡಸೋರು ಇವರು." 

ನನ್ನ ಪಿತ್ತ ನೆತ್ತಿಗೇರುವುದು ಇಂಥಲ್ಲಿಯೇ. ಒಬ್ಬರ ಅಂಗಳದೊಳಗಿನ ಗೇಟು ಒಬ್ಬರದು, ಒಪ್ಪಿದೆ. ಎರಡು ಮನೆಯವರು ಹಾಯುವ ದಾರಿಗೆ ಕೂರಿಸುವ ಗೇಟು ಮಾತ್ರ, ಮಾಡಿಸಿದವರು ಯಾರೇ ಇರಲಿ, ಇಬ್ಬರಿಗೂ ಸೇರಿದ್ದು. ಇದನ್ನು ತಿಳಿಯದೆ ಎಷ್ಟು ಚಂದದ ವೆಲ್ಡಿಂಗ್ ಮಾಡಿದರೂ ಅದು ಜಗಳಕ್ಕೆ ಹಾಕಿದ ಹೊಲಿಗೆ.

ನನಗೆ ಇದನ್ನು ಕಲಿಸಿದವರು ಕಾಳಪ್ಪ ಮೇಸ್ತ್ರಿ. ಸಿರಸಂಗಿಯ ಕಮ್ಮಾರರ ಮನೆತನ ಅವರದು. ಕುಳ ಕುಡಗೋಲು ಬಡಿಯುವ ಕುಲುಮೆಯನ್ನು ಬಿಟ್ಟು ಸವದತ್ತಿಗೆ ಬಂದು ವೆಲ್ಡಿಂಗ್ ಮಷೀನು ಇಟ್ಟಿದ್ದರು. ಸಿಟ್ಟು ಬಂದರೆ ಕೈಯಲ್ಲಿದ್ದ ಇಕ್ಕಳ ಹಾರುತ್ತಿತ್ತು, ನಾವು ತಲೆ ಉಳಿಸಿಕೊಳ್ಳಬೇಕಿತ್ತು. ಅಂಥ ಮನುಷ್ಯ ಅಳತೆಗೆ ಹೋದ ಕಡೆ ಮಾತ್ರ ಭಾರೀ ನಿಧಾನಿ. ಟೇಪು ಬಿಚ್ಚುವ ಮೊದಲು ಓಣಿಯ ಕಟ್ಟೆಯ ಮೇಲೆ ಕುಳಿತು ಚಹಾ ತರಿಸಿಕೊಂಡು ಸುಮ್ಮನೆ ನೋಡುತ್ತಿದ್ದರು. ಇದು ಮೈಗಳ್ಳತನ ಎಂದೇ ನಾನು ಮೊದಲು ತಿಳಿದಿದ್ದೆ.

"ಗ್ವಾಡಿಗೆ ಗ್ವಾಡಿ ಅಳದ್ರ ಆತೇನಲೇ?" ಎಂದು ಒಂದು ದಿನ ಅವರೇ ಹೇಳಿದರು. "ಇಲ್ಲಿ ಯಾರ್‍ಯಾರು ಹಾಯತಾರ, ಹೆಂಗ ಹಾಯತಾರ, ಅದನ್ನ ನೋಡು. ಆಮ್ಯಾಲ ಟೇಪ್ ತಗಿ." 

ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸು ಬರುತ್ತಾಳೆ, ಅಗಲ ಕೋಡಿನ ಎತ್ತು ಬರುತ್ತದೆ, ಕೋಲೂರುವ ಮುದುಕ ಬರುತ್ತಾನೆ. ಮುದುಕನಿದ್ದರೆ ಗೇಟಿನ ಕೆಳಗೆ ನೆಲದ ಪಟ್ಟಿ ಹಾಕಬಾರದು, ಎಡವುತ್ತಾನೆ. ಹೀಗೆ ಮೇಸ್ತ್ರಿ ಹಾಯುವವರನ್ನೆಲ್ಲ ಕಣ್ಣಲ್ಲೇ ಅಳೆದು ಮುಗಿಸಿ ಏಳುತ್ತಿದ್ದರು.

ಆಗ ಕೆಲಸದ ರೀತಿಯೂ ಬೇರೆ ಇತ್ತು. ತೊಂಬತ್ತರ ದಶಕದ ಮೊದಲಿಗೆ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಇರುವಷ್ಟು ಹೊತ್ತಿನಲ್ಲಿ ಬೆಸುಗೆ, ಹೋದಾಗ ಪಟ್ಟಿ ಕೊಯ್ಯುವುದು, ಸರಳು ಬಗ್ಗಿಸುವುದು. ಜನರ ಬೇಡಿಕೆಯೂ ಸಣ್ಣದು: ಆಡು ಒಳಗೆ ಬರಬಾರದು, ಅಷ್ಟೇ. ಆಮೇಲೆ ಚೌಕ ಪೈಪು ಬಂತು, ಬೆಳಗಾವಿಯಿಂದ ಡಿಸೈನಿನ ಪುಸ್ತಕ ಬಂತು. ಅದರಲ್ಲಿ ನವಿಲು, ಹಂಸ, ಹುಟ್ಟುವ ಸೂರ್ಯ. ಆಡಿಗಾಗಿ ಇದ್ದ ಗೇಟು ನೋಡುವ ಮಂದಿಗಾಗಿ ಆಯಿತು. ಜಗಳಗಳು ಹೆಚ್ಚಿದ್ದು ಅಲ್ಲಿಂದಲೇ ಎಂಬುದು ನನ್ನ ಲೆಕ್ಕಾಚಾರ.

ನಾನು ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ರಾಮದುರ್ಗದಲ್ಲಿ ಮಾಡಿದ ಗೇಟಿನ ಕಥೆ ಕೇಳಿದರೆ ನನ್ನ ಅಳಿಯ ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಅಂಗಳ ಸಣ್ಣದೆಂದು ಗೇಟು ಹೊರಗೆ, ದಾರಿಯ ಕಡೆ ತೆರೆಯುವಂತೆ ಮಾಡಿದೆ. ಕೂರಿಸಿ, ಎಣ್ಣೆ ಬಿಟ್ಟು, ಮಾಲೀಕರ ಮುಂದೆ ಠೀವಿಯಿಂದ ಪೂರ್ತಿ ತೆರೆದೆ. ಅದು ಹೋಗಿ ಪಕ್ಕದ ಮನೆಯ ಬಾಗಿಲಿನ ಮೇಲೆ ಡಬ್ಬಿಯ ಮುಚ್ಚಳದ ಹಾಗೆ ಸರಿಯಾಗಿ ಕೂತಿತು. ಒಳಗಿನಿಂದ ಒಬ್ಬ ಅಜ್ಜಿ ಕೂಗಿದಳು: "ಯಾವನೋ ಅಂವಾ, ನಮ್ಮನ್ನ ಒಳಗಿಟ್ಟ ಮುಚ್ಚಿದಂವಾ?" ಅಜ್ಜಿ ಹೊರಗೆ ಬಂದ ಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅದೇ ದಿನ ತಿರುಗಣಿ ಕಿತ್ತು ಗೇಟನ್ನು ಒಳಗೆ ತಿರುಗಿಸಿದೆ.

ಕಿತ್ತೂರಿನಲ್ಲಿ ಇನ್ನೊಂದು. ಒಬ್ಬರು ಗೇಟಿನ ಮೇಲಂಚಿಗೆ ಈಟಿಯ ಮೊನೆಗಳು ಬೇಕೆಂದರು, ಅವೂ ಕಳ್ಳ ಹತ್ತದಂತೆ ಹೊರಗೆ ಬಾಗಿರಬೇಕು. ಕೂರಿಸಲು ಹೋದಾಗ ಎದುರು ಮನೆಯ ಹೆಂಗಸು ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಂದಳು. "ಮುಂಜಾನೆದ್ದು ಬಾಗಲಾ ತಗದ್ರ ನನ್ನ ಎದಿಗೆ ಈಟಿ ಹಿಡದಂಗ ಆಗತೈತ್ರಿ. ನಾವೇನ ಇವರ ವೈರಿಗಳೇನ?" 

ಮಾಲೀಕರು ನಕ್ಕರು. "ಕಳ್ಳರಿಗೆ ಐತಿ ತಂಗಿ ಅದು, ನಿಮಗಲ್ಲ." 

"ಕಳ್ಳ ಹೆಂಗ ಬರ್ತಾನ್ರಿ ಅಣ್ಣಾರ? ಇಡೀ ದಿನಾ ಬಾಗಲದಾಗ ಕುಂತು ನಿಮ್ಮ ಮನಿ ಕಾಯಾಕಿ ನಾನs ಅಲ್ಲೇನು?" 

ಮಾಲೀಕರ ನಗು ನಿಂತಿತು. ಆಕೆ ಹೇಳಿದ್ದು ಖರೆ ಇತ್ತು. ಅವರೇ ನನಗೆ ಮೊನೆ ಕತ್ತರಿಸಲು ಹೇಳಿದರು. ಮೊನೆಗಳ ಜಾಗಕ್ಕೆ ದುಂಡನೆಯ ಗುಂಡುಗಳನ್ನು ಕೂರಿಸಿದೆ. ಆ ಗೇಟು ಇನ್ನೂ ಇದೆ, ಗುಂಡುಗಳ ಮೇಲೆ ಎದುರು ಮನೆಯವರ ಹಾಸಿಗೆ ಹೊದಿಕೆ ಒಣಗುತ್ತಿರುತ್ತವೆ.

ಇಷ್ಟೆಲ್ಲ ಪಾಠವಾದ ಮೇಲೂ ನಾನು ಸೋತು ಕುಳಿತದ್ದು ನಮ್ಮ ಬೈಲಹೊಂಗಲದ್ದೇ ಒಂದು ಗೇಟಿನ ಮುಂದೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು.

ಪೇಟೆಯ ಬೀದಿಯಿಂದ ಒಳಗೆ ಹೋಗುವ ಒಂದು ದಾರಿ, ಅದರ ಬಾಯಲ್ಲೇ ಎದುರುಬದುರಾಗಿ ಎರಡು ಮನೆ. ಒಂದು ಕಾಳಿನ ವ್ಯಾಪಾರಿ ಈರಣ್ಣನದು. ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಿಸಿದ್ದ. ಎದುರಿನದು ಗಂಗವ್ವನದು. ಗಂಡ ಶಿವಲಿಂಗಪ್ಪ, ಮಗ, ಸೊಸೆ, ಮೊಮ್ಮಕ್ಕಳು ಇದ್ದ ತುಂಬು ಮನೆ. ಶಿವಲಿಂಗಪ್ಪ ವಯಸ್ಸಿನಲ್ಲಿ ಕುಸ್ತಿ ಹಿಡಿದವರು, ಊರೆಲ್ಲ ಪೈಲವಾನ ಎಂದೇ ಕರೆಯುತ್ತಿತ್ತು. ಎಂಥ ಎತ್ತರದ ಆಳೆಂದರೆ, ಯಾವ ಮನೆಗೆ ಹೋದರೂ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನಾನು ನೋಡುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು, ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದು ಹೇಳಿಬಿಟ್ಟಿದ್ದರು. ಗಾಳಿ ಬೆಳಕು ಇರಲೆಂದು, ದಾರಿಯ ಮಗ್ಗುಲಿನ ಕಿಟಕಿಯ ಕೆಳಗೇ ಅವರ ಮಂಚ ಹಾಕಿದ್ದರು.

ಹಂದಿ, ದನ, ಅಡ್ಡಾದಿಡ್ಡಿ ನಿಲ್ಲಿಸುವ ಗಾಡಿಗಳ ಕಾಟಕ್ಕೆ ದಾರಿಯ ಬಾಯಿಗೆ ಒಂದು ಗೇಟು ಹಾಕುವುದೆಂದು ಎರಡೂ ಮನೆಯವರು ಮಾತಾಡಿಕೊಂಡರು. ಗಂಗವ್ವ ಸಂತೋಷದಿಂದಲೇ ಒಪ್ಪಿದ್ದಳು. ನಾನು ಮೇಸ್ತ್ರಿಯ ಪದ್ಧತಿಯಂತೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಹಾಯುವವರನ್ನೆಲ್ಲ ನೋಡಿ ಅಳತೆ ತೆಗೆದುಕೊಂಡೆ. ಆಮೇಲೆ ಈರಣ್ಣ ಪುಸ್ತಕದಲ್ಲಿ ಒಂದು ಡಿಸೈನು ನೋಡಿದ. ಎರಡು ಕಂಬದ ನಡುವೆ, ಗೇಟಿನ ಮೇಲೆ ಒಂದು ಕಮಾನು, ಕಮಾನಿನಲ್ಲಿ ಹುಟ್ಟುವ ಸೂರ್ಯ, ಸೂರ್ಯನ ಕೆಳಗೆ ಮನೆಯ ಹೆಸರು. ಅವನಿಗೆ ಅದೇ ಬೇಕಾಯಿತು. ವಾಸ್ತುಶಾಂತಿಯೊಳಗೆ ಆಗಲೇಬೇಕೆಂದ. ಕಮಾನನ್ನು ಸಿದ್ಧ ಮಾಡಿ ಒಯ್ದೆ.

ಗಂಗವ್ವ ಮನೆಯ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಮಾನನ್ನು ನೋಡಿದವಳೇ ಮೊರ ಕೆಳಗಿಟ್ಟು ಎದ್ದಳು. 

"ಇದೇನಪಾ ತಮ್ಮಾ ಇದು?" 

"ಕಮಾನ ಅವ್ವಾ. ಸಾವ್ಕಾರ್ರು ಹೇಳ್ಯಾರ." 

"ಗೇಟ್ ಹಾಕ. ಇದು ಬ್ಯಾಡ." 

ಯಾಕೆಂದು ಕೇಳಿದರೆ ತುಕ್ಕಿನ ನೀರು ಸೀರೆಯ ಮೇಲೆ ಬೀಳುತ್ತದೆ ಎಂದಳು. ಎರಡು ಸಲ ಬಣ್ಣ ಹೊಡೆಯುತ್ತೇನೆ ಎಂದೆ. ಪಾರಿವಾಳ ಗೂಡು ಕಟ್ಟುತ್ತವೆ ಎಂದಳು. ಕೂರದಂತೆ ಮಾಡುತ್ತೇನೆ ಎಂದೆ. ಮರುದಿನ ಹೋದರೆ, ಬಿರುಗಾಳಿಗೆ ಬೀಳುತ್ತದೆ ಎಂದಳು. ಕಾರಣ ದಿನಕ್ಕೊಂದು, ಮಾತು ಮಾತ್ರ ಅದೇ: ಕಮಾನು ಬೇಡ. ಅವಳ ಮಗ ನಾಚಿಕೆಯಿಂದ ಮುಖ ತಗ್ಗಿಸಿಕೊಂಡಿದ್ದ. "ನಮ್ಮವ್ವ ಹಿಂಗ್ಯಾಕ ಹಟಾ ಹಿಡದಾಳ ತಿಳೀವಲ್ದು ದಸ್ತಗೀರಣ್ಣ" ಎಂದು ನನ್ನ ಮುಂದೆ ಹೇಳಿಕೊಂಡ.

ಈರಣ್ಣನಿಗೆ ಇದು ಹೊಟ್ಟೆಕಿಚ್ಚಿನ ಹಾಗೆ ಕಂಡಿತು. "ನನ್ನ ಮನಿ ಹೆಸರ ಮ್ಯಾಲ ಬರತೈತಲ್ಲ, ಅದು ಕಣ್ಣಾಗ ಚುಚ್ಚಾಕತ್ತೈತಿ. ಚಿಗವ್ವಾ ಚಿಗವ್ವಾ ಅಂತ ಇಷ್ಟು ವರ್ಷ ಕರದೆ, ನೋಡ್ರಿ ಈಗ." ಹಬ್ಬದ ದಿನ ಒಂದು ಮನೆಯ ಹೋಳಿಗೆ ಇನ್ನೊಂದು ಮನೆಗೆ ಹೋಗದೆ ಊಟಕ್ಕೆ ಕೂರದಿದ್ದ ಜನ ಅವರು. ಈಗ ಎರಡೂ ಮನೆಯ ಹೆಂಗಸರು ಮುಖ ತಿರುಗಿಸಿಕೊಂಡು ನೀರು ತರುತ್ತಿದ್ದರು.

ಇಷ್ಟೆಲ್ಲ ಮಾತುಕತೆ ನಡೆಯುತ್ತಿದ್ದದ್ದು ಆ ಕಿಟಕಿಯ ಎದುರಿಗೇ. ನಡುನಡುವೆ ಒಳಗಿನಿಂದ ಪೈಲವಾನ ಕಾಕಾನ ದನಿ ಬರುತ್ತಿತ್ತು: "ಏ ದಸ್ತಗೀರಾ, ಆಕಿ ಜೋಡಿ ಜಿದ್ದಿಗೆ ಬೀಳಬ್ಯಾಡೋ. ನಾನs ಒಂದ ಕುಸ್ತಿ ಗೆದ್ದಿಲ್ಲ ಆಕಿ ಮ್ಯಾಲ!" ಆ ದನಿ ಕೇಳಿದರೆ ಸಾಕು, ಗಂಗವ್ವ ಮಾತು ನಿಲ್ಲಿಸಿಬಿಡುತ್ತಿದ್ದಳು. ನಾನು ಅದನ್ನು ಗಮನಿಸಿದ್ದೆ, ಅರ್ಥ ಮಾತ್ರ ಹೊಳೆದಿರಲಿಲ್ಲ.

ಮೂರನೆಯ ಸಲ ಹೋದಾಗ ನನ್ನ ತಾಳ್ಮೆ ಕೆಟ್ಟಿತು. "ಇದರ ಕೆಳಗ ಏನ ಆನಿ ಹಾಯಸ್ತೀಯೇನವ್ವಾ? ಹೊರಿ ಹೊತ್ತಾಕಿ ಹಾದ್ರೂ ತಾಗೂದಿಲ್ಲ, ಅಷ್ಟ ಎತ್ತರ ಐತಿ!" 

ಅವಳು ಕಿಟಕಿಯ ಕಡೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. "ನಿನಗ ಹೆಂಗ ಹೇಳ್ಲೋ ನಾ" ಎಂದು ಸಣ್ಣಗೆ ಅಂದು ಒಳಗೆ ಹೋದಳು. 

ಈರಣ್ಣ, ಅವಳು ಒಪ್ಪಲಿ ಬಿಡಲಿ ನಾಡಿದ್ದು ಕೂರಿಸಿಯೇ ಬಿಡು ಎಂದ.

ಮರುದಿನ ಒಂದು ಅಳತೆಯ ಕೆಲಸಕ್ಕೆ ಸವದತ್ತಿಗೆ ಹೋಗಿದ್ದೆ. ಪೇಟೆಯಲ್ಲಿ ಒಂದು ಶವಯಾತ್ರೆ ಎದುರಾಯಿತು. ನಾವು ಮುಸಲ್ಮಾನರು ತೀರಿಕೊಂಡವರನ್ನು ಮಲಗಿಸಿ ಒಯ್ಯುತ್ತೇವೆ. ಲಿಂಗಾಯತರಲ್ಲಿ ಕುಳ್ಳಿರಿಸಿ ಒಯ್ಯುತ್ತಾರೆ. ಬಿದಿರಿನಲ್ಲಿ ಕಟ್ಟಿದ ವಿಮಾನದಲ್ಲಿ, ತಲೆಗೆ ಪಟಗಾ ಸುತ್ತಿ, ಹೂವು ಏರಿಸಿ, ಹೆಗಲ ಮೇಲೆ ಎತ್ತಿಕೊಂಡು ಭಜನೆ ಹಾಡುತ್ತ ಹೋಗುತ್ತಾರೆ. ಅಂಥ ಎಷ್ಟೋ ವಿಮಾನಗಳಿಗೆ ನಾನೇ ಹೆಗಲು ಕೊಟ್ಟವನು. ಅಂದು ಪೇಟೆಯ ಒಂದು ಸಂದಿಯ ಬಾಯಲ್ಲಿ ಕೇಬಲ್ಲಿನ ವಯರು ಅಡ್ಡ ಬಂತು. ಹೊತ್ತವರು ಮೊಣಕಾಲು ಮಡಿಸಿ, ವಿಮಾನವನ್ನು ಒಂದು ಮಗ್ಗುಲಿಗೆ ವಾಲಿಸಿದರು. ಕುಳಿತಿದ್ದ ಹಿರಿಯರ ತಲೆ ಜೋಲಿತು, ಪಟಗಾ ಸರಿಯಿತು. ಹಿಂದೆ ಬರುತ್ತಿದ್ದ ಮಗಳು, "ಸಾವಕಾಶ ಹಿಡೀರಿ, ನಮ್ಮಪ್ಪಗ ತಾಗತೈತಿ" ಎಂದು ಚೀರಿದಳು.

ನಾನು ನಿಂತಲ್ಲೇ ನಿಂತೆ. ಗಂಗವ್ವ ಕಿಟಕಿಯ ಕಡೆ ನೋಡಿದ್ದು ಯಾಕೆಂದು ಆಗ ಗೊತ್ತಾಯಿತು. ಗಂಡ ಇನ್ನೂ ಉಸಿರಾಡುತ್ತಿದ್ದಾನೆ, ಕಿಟಕಿಯ ಆಚೆಗೇ ಇದ್ದಾನೆ, ಆಡಿದ್ದೆಲ್ಲ ಅವನಿಗೆ ಕೇಳುತ್ತದೆ. ಅಂಥಲ್ಲಿ ಯಾವ ಹೆಂಡತಿ ಬಾಯಿ ಬಿಟ್ಟು ಹೇಳಿಯಾಳು? ಗಂಡನ ವಿಮಾನ ಆ ಕಮಾನಿನ ಕೆಳಗೆ ಹಾಯದೆಂದು ಮನಸ್ಸಿನಲ್ಲೇ ಅಳೆದುಕೊಂಡು, ಪಾರಿವಾಳ ತುಕ್ಕು ಎನ್ನುತ್ತ ಒದ್ದಾಡುತ್ತಿದ್ದಳು ಪಾಪ. ಅಂಥವಳ ಮುಂದೆ ನಾನು ಆನೆಯ ಮಾತಾಡಿದ್ದೆ.

ಕಾಳಪ್ಪ ಮೇಸ್ತ್ರಿ ಆಗ ಮುದುಕರಾಗಿ ಮನೆಯಲ್ಲೇ ಇರುತ್ತಿದ್ದರು. ಸೀದಾ ಅವರಲ್ಲಿಗೆ ಹೋಗಿ ಎಲ್ಲ ಹೇಳಿದೆ. 

"ನಾನೂ ಎಷ್ಟೋ ಕಮಾನ ಕೂರಿಸೇನಿ ಮಗನ. ಇದನ್ನ ನೆನಸಲಿಲ್ಲ ನೋಡು" ಎಂದರು. 

"ಸಾವ್ಕಾರಗ ಹೆಂಗ ಹೇಳ್ಲಿರಿ?" 

"ಹೇಳಬ್ಯಾಡ. ಅಂವಾ ವಾಸ್ತುಶಾಂತಿ ಇಟ್ಟಕೊಂಡಾನ. ಹೊಸಾ ಮನಿ ಬಾಗಲದಾಗ ಹೆಣದ ಸುದ್ದಿ ತಗೀಬಾರದು. ಅಷ್ಟ ಎತ್ತರದ್ದು ಬ್ಯಾರೆ ಏನರ ಹಾಯಸು ಅಲ್ಲಿ." 

ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಇಳಿಯುವ ಹೊತ್ತಿಗೆ ಒಂದು ಹೊಳೆದಿತ್ತು. ಸೀದಾ ಈರಣ್ಣನ ಮನೆಗೆ ನಡೆದೆ.

"ಸಾವ್ಕಾರ್ರ, ಒಂದ ತಪ್ಪಾಗೇತ್ರಿ. ಮುಂದ ಒಂದಿನ ನಿಮ್ಮ ಮಗನ ಲಗ್ನ ಆಗೂದಿಲ್ಲೇನು?" 

"ಯಾಕ ಆಗೂದಿಲ್ಲ? ಧಾಂಧೂಂ ಆಗತೈತಿ!" 

"ಮದುಮಗಾ ಕುದರಿ ಮ್ಯಾಲ ಮನಿಂದ ಹೊಂಡತಾನ. ತಲಿಗೆ ಬಾಸಿಂಗ ಕಟ್ಟಿರತಾನ. ಈ ಕಮಾನಕ್ಕ ಬಾಸಿಂಗ ತಾಗತೈತ್ರಿ. ಅಪಶಕುನ ಆಗತೈತಿ." 

ಈರಣ್ಣ ಓಡಿಬಂದು ಕಂಬದ ಹತ್ತಿರ ನಿಂತ. ಕೈ ಎತ್ತಿ ನೋಡಿದ. ಇಲ್ಲದ ಕುದುರೆಯ ಎತ್ತರ, ಅದರ ಮೇಲೆ ಕುಳಿತ ಮಗನ ಎತ್ತರ, ಮೇಲೆ ಬಾಸಿಂಗ. ಮುಖ ಗಂಭೀರವಾಯಿತು. "ಹೌದಲ್ಲೋ! ಎತ್ತರ ಮಾಡು. ಕುದರಿ ಆರಾಮ ಹಾಯಬೇಕು." 

ಗಂಗವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಅವಳ ಕಡೆ ತಿರುಗಿ, "ಕುದರಿ ಮ್ಯಾಲ ಕುಂತವರು ತಲಿ ಬಗ್ಗಸದs ಹಾಯೂವಂಗ ಮಾಡತೇನವ್ವಾ. ಈಗ ನಡದೀತೇನ?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೂಂ ಎಂದು ತಲೆಯಾಡಿಸಿದಳು. 

ಈರಣ್ಣನ ಸಿಟ್ಟೂ ಅಲ್ಲಿಗೇ ಇಳಿಯಿತು. "ಮೊದಲs ಹೇಳಬಾರದೇನ ಚಿಗವ್ವಾ, ಎತ್ತರ ಸಾಲೂದಿಲ್ಲ ಅಂತ?" ಎಂದು ನಕ್ಕ.

ಟೇಪು ಹಿಡಿದು ಕಂಬ ಅಳೆಯುತ್ತಿದ್ದಾಗ ಕಿಟಕಿಯಿಂದ ಕರೆ ಬಂತು. ಗಂಗವ್ವ ಚಹಾ ಮಾಡಲು ಒಳಗೆ ಹೋಗಿದ್ದಳು. ನಾನು ಸರಳಿನ ಹತ್ತಿರ ಹೋದೆ. ಮಂಚದ ತುಂಬ ಇದ್ದ ದೇಹ ಒಣಗಿ ಹೋಗಿತ್ತು, ಉದ್ದ ಮಾತ್ರ ಹಾಗೇ ಇತ್ತು. ಕಾಲು ಮಂಚದಿಂದ ಆಚೆ ಚಾಚಿದ್ದವು. 

"ಎಷ್ಟ ಎತ್ತರ ಹಿಡದಿ ದಸ್ತಗೀರಾ?" 

"ಕುದರಿ ಹಾಯೂವಷ್ಟ ಕಾಕಾ." 

"ಕುದರಿಗಿಂತ ಒಂದ ಮೊಳ ಹೆಚ್ಚ ಇಡು. ನಾ ಉದ್ದನ ಮನಶ್ಯಾ. ಮ್ಯಾಲ ಪಟಗಾ ಬ್ಯಾರೆ ಸುತ್ತತಾರ." 

ನನ್ನ ಕೈಯಲ್ಲಿದ್ದ ಟೇಪು ಸರ್ರನೆ ಒಳಗೆ ಸೇರಿಕೊಂಡಿತು. ಅವರು ನಗುತ್ತಿದ್ದರು. 

"ಜಲ್ಮದಾಗ ಎಲ್ಲಾ ಬಾಗಲಾ ತಲಿ ಬಗ್ಗಿಸಿ ದಾಟೇನೋ. ಕಡೀಕ ಒಮ್ಮೆ ನೆಟ್ಟಗ ಕುಂತ ಹೋಗತೇನಿ." ಆಮೇಲೆ ದನಿ ತಗ್ಗಿಸಿದರು. "ಆಕಿ ಮುಂದ ಹೇಳಬ್ಯಾಡ. ನನಗ ಏನೂ ಗೊತ್ತಿಲ್ಲ ಅಂತ ತಿಳಕೊಂಡಾಳ. ಹಂಗs ಇರಲಿ." 

"ಹೇಳೂದಿಲ್ಲ ಕಾಕಾ" ಎಂದೆ. ಅಷ್ಟರಲ್ಲಿ ಗಂಗವ್ವ ಚಹಾ ತಂದಳು. ಕುಡಿದು, ಮತ್ತೆ ಕಂಬದ ಅಳತೆಗೆ ನಿಂತೆ.

ಕಮಾನನ್ನು ಕುದುರೆಗಿಂತ ಒಂದು ಮೊಳ ಹೆಚ್ಚೇ ಎತ್ತರಿಸಿದೆ. ಕಂಬಗಳ ಮೇಲೆ ಪೈಪು ನಿಲ್ಲಿಸಿ, ಅಡ್ಡಪಟ್ಟಿ ಬಿಗಿದು ಕೂರಿಸಿದೆ. ನೋಡಿದವರೆಲ್ಲ ಗೇಟಿಗೆ ಕಮಾನು ತುಸು ಅತಿಯಾಯಿತು ಎಂದರು. ಈರಣ್ಣ ಎದೆಯುಬ್ಬಿಸಿ ಕುದುರೆಯ ಕಥೆ ಹೇಳುತ್ತಿದ್ದ. ವಾಸ್ತುಶಾಂತಿಯ ದಿನ ಗಂಗವ್ವನೇ ಮುಂದೆ ನಿಂತು ಹೋಳಿಗೆ ಬಡಿಸಿದಳು.

ಆ ಚಳಿಗಾಲ ಮುಗಿಯುವ ಮೊದಲು ಪೈಲವಾನ ಕಾಕಾ ತೀರಿಕೊಂಡರು. ವಿಮಾನ ಎತ್ತಿದಾಗ ನಾನೂ ಒಂದು ಹೆಗಲು ಕೊಟ್ಟಿದ್ದೆ. ಕಮಾನಿಗೆ ಈರಣ್ಣ ಕಟ್ಟಿದ್ದ ಬಣ್ಣದ ದೀಪದ ಸರವೊಂದು ಜೋತುಬಿದ್ದಿತ್ತು. ಅವನೇ ಸ್ಟೂಲು ತಂದು ಹತ್ತಿ ಅದನ್ನು ಕಿತ್ತು ತೆಗೆದ. ಯಾರೂ ಮೊಣಕಾಲು ಮಡಿಸಲಿಲ್ಲ, ಯಾರೂ ವಾಲಿಸಲಿಲ್ಲ. ನೆಟ್ಟಗೆ ಕುಳಿತ ಪೈಲವಾನರು ಹೂವಿನ ಪಟಗಾ ಸುತ್ತಿಕೊಂಡು ಆ ಸೂರ್ಯನ ಕೆಳಗೆ ಹಾದುಹೋದರು. ಸ್ಟೂಲಿನ ಮೇಲಿದ್ದ ಈರಣ್ಣ ಮೊದಲು ಕಮಾನನ್ನು ನೋಡಿದ, ಆಮೇಲೆ ನನ್ನನ್ನು. ಇಳಿದು ಬಂದು, ನನ್ನ ಪಕ್ಕದಲ್ಲೇ ಹೆಗಲು ಕೊಟ್ಟ.

ಮುಂದೆ ಅವನ ಮಗನ ಲಗ್ನವೂ ಆಯಿತು. ಹುಡುಗ ಕುದುರೆ ಒಲ್ಲೆನೆಂದು ಹಟ ಹಿಡಿದು ಕಾರಿನಲ್ಲಿ ಹೋದ. ಆ ಕಮಾನಿನ ಕೆಳಗೆ ಇವತ್ತಿನವರೆಗೂ ಒಂದೂ ಕುದುರೆ ಹಾದಿಲ್ಲ.

ಕಾಕಾ ಹೋಗಿ ಕೆಲವು ತಿಂಗಳಾದ ಮೇಲೆ, ಕಿಟಕಿಯ ಸರಳೊಂದು ಸಡಿಲಾಗಿದೆಯೆಂದು ಗಂಗವ್ವ ನನ್ನನ್ನು ಕರೆಸಿದ್ದಳು. ನೋಡಿದರೆ ಸರಳು ಗಟ್ಟಿಯೇ ಇತ್ತು. ಮಂಚ ತೆಗೆದಿದ್ದ ಜಾಗದಲ್ಲಿ ಅವಳು ಗೋಡೆಗೆ ಒರಗಿ ಕುಳಿತಿದ್ದಳು. 

"ತಮ್ಮಾ, ಖರೇ ಹೇಳು. ಕಮಾನದ ಮಾತು ಎಲ್ಲಾ ಈ ಕಿಡಕ್ಯಾಗ ಕೇಳತಿತ್ತು. ಅವರಿಗೆ ಗೊತ್ತಾಗಿತ್ತೇನ?" 

ಸರಳನ್ನು ಹಿಡಿದು ಅಲುಗಿಸುತ್ತ ನಿಂತೆ. 

"ಇಲ್ಲವ್ವಾ. ಕುದರಿ ಅಂತನs ತಿಳಕೊಂಡಿದ್ರು. ನನ್ನ ಕರದು, ಈರಣ್ಣನ ಮಗನ ಲಗ್ನಕ್ಕ ಯಾವ ಬಣ್ಣದ ಕುದರಿ ತರತಾರೋ ಅಂತ ಕೇಳಿದ್ರು." 

ಅವಳು ಉಸಿರು ಬಿಟ್ಟಳು. ಗಂಡ ಹೋದಂದಿನಿಂದ ಎದೆಯಲ್ಲಿ ಹಿಡಿದಿಟ್ಟುಕೊಂಡದ್ದಿರಬೇಕು ಅದು. "ಛಲೋ ಆತು" ಎಂದು ಕಣ್ಣೊರೆಸಿಕೊಂಡಳು. "ತಿಳದಿದ್ರ ಪಾಪ, ಮನಸಿಗೆ ಹಚ್ಚಕೊಂತಿದ್ರು." 

ಗಂಗವ್ವನೂ ಈಗಿಲ್ಲ. ಅವಳೂ ಅದೇ ಕಮಾನಿನ ಕೆಳಗೆ, ನೆಟ್ಟಗೆ ಕುಳಿತುಕೊಂಡೇ ಹೋದಳು. ಅದಕ್ಕೇ, ಕಾಕಾ ಹೇಳಬೇಡವೆಂದದ್ದನ್ನು ಈಗ ಬರೆದೆ.